ಬಂದವರು ಎಲ್ಲಿ ಕೂಡಬೇಕು?

ಗದಗಿನ ಕಳಸಾಪುರ ರಸ್ತೆಯಲ್ಲಿ ಊರು ದಾಟಿ ಒಂದಿಷ್ಟು ನಡೆದರೆ, ಮೊನ್ನೆ ಮೊನ್ನೆಯವರೆಗೆ ಹೆಸರು, ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಮನೆಗಳು ಎದ್ದು ನಿಂತಿರುವುದು ಕಾಣುತ್ತದೆ. ಬೆಟಗೇರಿಯ ಅಂಚಿನಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹೊರವಲಯದಲ್ಲಿ ಕೂಡ ಇದೇ ನೋಟ. ಹೊಲ ಎನ್.ಎ. ಆಗುತ್ತದೆ, ಕಲ್ಲು ನೆಟ್ಟು 30 ಅಡಿ ಅಗಲ, 40 ಅಡಿ ಉದ್ದದ ಪ್ಲಾಟುಗಳನ್ನು ಅಳೆಯುತ್ತಾರೆ, ನೋಡುನೋಡುತ್ತಿದ್ದಂತೆ ಉಸುಕಿನ ರಾಶಿ, ಇಟ್ಟಂಗಿಯ ರಾಶಿ ಬಂದು ಬೀಳುತ್ತವೆ.

ಈ ಹೊಸ ಮನೆಗಳಿಗೆಲ್ಲ ಒಂದು ಮುಖಸಾಮ್ಯವಿರುವುದನ್ನು ನೀವೂ ಗಮನಿಸಿರಬಹುದು. ಎದುರಿಗೆ ಬೂದು ಮತ್ತು ಬಿಳಿಯ ಬಣ್ಣ, ನಡುವೆ ಕಟ್ಟಿಗೆಯಂತೆ ಕಾಣುವ, ಆದರೆ ಕಟ್ಟಿಗೆಯಲ್ಲದ ಒಂದು ಪಟ್ಟಿ, ಮೇಲಂತಸ್ತಿನಲ್ಲಿ ಗಾಜಿನ ಕಟಾಂಜನ, ಕೆಳಗೆ ಕಾರಿಗೆ ಜಾಗ, ಆಳೆತ್ತರದ ಕಂಪೌಂಡು, ಯಂತ್ರದಲ್ಲಿ ಕೊರೆದ ಹೂಬಳ್ಳಿಯ ಕಬ್ಬಿಣದ ಗೇಟು. ಒಳಗೆ ಪಿ.ಓ.ಪಿ. ಚಾವಣಿ, ಅದರ ಅಂಚಿನಲ್ಲಿ ಅಡಗಿಸಿಟ್ಟ ದೀಪಗಳು, ಟೀವಿಗೆಂದೇ ಸಿಂಗರಿಸಿದ ಗೋಡೆ, ಕನ್ನಡಿಯಂತೆ ಹೊಳೆಯುವ ನೆಲ, ಕೋಣೆಕೋಣೆಗೆ ಹೊಂದಿಕೊಂಡ ಬಚ್ಚಲು. ಮನೆಯ ಎದುರುಭಾಗಕ್ಕೆ ಇಂದು ನಮ್ಮ ಗೌಂಡಿಗಳೂ ‘ಎಲಿವೇಶನ್’ ಎಂದೇ ಹೇಳುತ್ತಾರೆ. ಮೊದಲು ಅದರ ಚಿತ್ರವನ್ನು ಮೊಬೈಲಿನಲ್ಲಿ ಆರಿಸಿಕೊಂಡು, ಅನಂತರ ಅದರ ಹಿಂದೆ ಮನೆಯನ್ನು ಹೊಂದಿಸುವವರನ್ನೂ ನಾನು ಕಂಡಿದ್ದೇನೆ.

ಅದನ್ನು ಕಂಡು ನಗುವ ಹಕ್ಕು ನನಗಿಲ್ಲ. ಎರಡು ವರ್ಷಗಳ ಕೆಳಗೆ ನಾವೂ ಅಂಥದೊಂದು ಮನೆ ಕಟ್ಟಿದೆವು. ಬೆಟಗೇರಿಯ ಹಳೆಯ ಮನೆ ನಾಲ್ಕು ಪಾಲಾಯಿತು. ನಮ್ಮ ಪಾಲಿಗೆ ಬಂದದ್ದನ್ನು ಮಾರಿ, ಸಾಲವನ್ನೂ ಮಾಡಿ, ನಾನೂ ನನ್ನ ತಮ್ಮನೂ ಕೂಡಿ ಒಂದು ಪ್ಲಾಟು ಹಿಡಿದೆವು. ನಕ್ಷೆ ಸಿದ್ಧವಾದ ದಿನ ಎಂಜಿನಿಯರರು ಅದನ್ನು ಚಾಪೆಯ ಮೇಲೆ ಹಾಸಿ ನಮ್ಮ ದೊಡ್ಡವ್ವನಿಗೆ ವಿವರಿಸಿದರು. ಎಂಬತ್ತರ ಅಂಚಿನಲ್ಲಿರುವ ಅವಳು ಓದು ಬಲ್ಲವಳಲ್ಲ. ಆದರೆ ಒಂದೊಂದು ಗೆರೆಯ ಮೇಲೂ ಬೆರಳಿಟ್ಟು ಕೇಳಿ ತಿಳಿದುಕೊಂಡಳು. ಕೊನೆಗೆ, “ಎಲ್ಲಾ ಛಲೋ ಐತಿ ತಮ್ಮಾ. ಖರೆ, ಬಂದಾವ್ರು ಎಲ್ಲಿ ಕುಂದರಬೇಕು?” ಎಂದಳು. ಎಂಜಿನಿಯರರು ನಕ್ಷೆಯಲ್ಲಿ ಹಾಲನ್ನು ತೋರಿಸಿ, “ಇಲ್ಲಿ ಸೋಫಾ ಬರ್ತದರೀ ಅಮ್ಮಾರ” ಎಂದರು. “ಅದು ಕರದು ಕುಂದರಿಸೋ ಮಂದಿಗೆ ಆತು. ಹಂಗ ಬಂದಾವ್ರು?” ಎಂದು ದೊಡ್ಡವ್ವ ಮತ್ತೆ ಕೇಳಿದಳು. ಆ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿರಲಿಲ್ಲ.

ಹಾಗೆ ಬಂದವರಿಗೆ ಹಳೆಯ ಮನೆಯಲ್ಲಿ ಜಾಗವಿತ್ತು. ತಲಬಾಗಿಲಿನ ಎರಡೂ ಬದಿಗೆ ಕಲ್ಲಿನ ಕಟ್ಟೆ. ಒಳಗೆ ಪಡಸಾಲೆ, ನೇಕಾರರ ಮನೆಯಾದ್ದರಿಂದ ಅಲ್ಲಿಯೇ ಕುಣಿಮಗ್ಗ. ಅದರಾಚೆ, ಮಾಳಿಗೆಯ ಬೆಳಕಿಂಡಿಯಿಂದ ಬೆಳಕು ಬೀಳುವ ನಡುಮನೆ. ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಶಿರಹಟ್ಟಿ, ಮುಂಡರಗಿಗಳ ಕಡೆಯ ಒಕ್ಕಲು ಮನೆಗಳಲ್ಲಾದರೆ ಮಗ್ಗದ ಬದಲು ಎತ್ತು: ತಲಬಾಗಿಲು ದಾಟಿದೊಡನೆ ದನ ಕಟ್ಟುವ ತಗ್ಗಿನ ಜಾಗ, ಅದಕ್ಕೆ ಹೊಂದಿ ಎತ್ತರಿಸಿದ ಪಡಸಾಲೆ. ಹೀಗೆ ಬೀದಿಯಿಂದ ಒಲೆಯವರೆಗಿನ ದಾರಿಯಲ್ಲಿ ಕಟ್ಟೆ, ಪಡಸಾಲೆ, ನಡುಮನೆ, ಅಡುಗೆಮನೆ ಎಂದು ನಾಲ್ಕು ನಿಲುಗಡೆಗಳಿದ್ದವು. ಬಂದವರ ಸಂಬಂಧ ಎಷ್ಟು ಹತ್ತಿರದ್ದೋ ಅಷ್ಟು ಒಳಗಿನ ನಿಲುಗಡೆ. ಹೊಸ ಮನೆಯಲ್ಲಿ ಉಳಿದಿರುವುದು ಎರಡೇ: ಗೇಟಿನ ಹೊರಗೆ ನಿಲ್ಲುವುದು, ಇಲ್ಲವೆ ಹಾಲಿನ ಸೋಫಾದ ಮೇಲೆ ಕೂಡುವುದು.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದನ್ನೆಲ್ಲ ಹೊಗಳಲು ಹೊರಟಿದ್ದೇನೆಂದು ಯಾರೂ ತಿಳಿಯಬಾರದು. ಮಣ್ಣಿನ ಮಾಳಿಗೆ ಸೋರುತ್ತಿತ್ತು. ನಮ್ಮ ಲಕ್ಷ್ಮೇಶ್ವರದಿಂದ ದೂರವಲ್ಲದ ಶಿಶುನಾಳದ ಶರೀಫರು ಸೋರುವ ಮಾಳಿಗೆಯನ್ನು ತತ್ತ್ವಪದಕ್ಕೆ ವಸ್ತುವಾಗಿಸಿಕೊಂಡರೆ, ಕೇಳಿದವರಿಗೆಲ್ಲ ಅದು ಕೂಡಲೆ ಅರ್ಥವಾದದ್ದು ಅವರವರ ಮನೆಯ ಅನುಭವದಿಂದಲೇ. ವರ್ಷವರ್ಷವೂ ಮಳೆಗಾಲಕ್ಕೆ ಮುನ್ನ ಮೇಲೆ ಸವುಳು ಮಣ್ಣು ಹಾಕಬೇಕು. ಮಳೆ ನಿಂತ ಮೇಲೆ ಬೆಳೆದ ಹುಲ್ಲು ಕೀಳಬೇಕು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆಯಲ್ಲಿ, ಮತ್ತೆ 2019ರ ಆಗಸ್ಟಿನ ನೆರೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದುದನ್ನು ಕಂಡವರು ಮತ್ತೊಮ್ಮೆ ಮಣ್ಣನ್ನು ನಂಬಿ ಮಲಗಿಯಾರೆ?

ಹೆಂಗಸರ ಮಾತನ್ನಂತೂ ಕೇಳಲೇಬೇಕು. ಹೊಗೆ ತುಂಬಿದ ಅಡುಗೆಮನೆ. ಹೊರಗಿನಿಂದ ಹೊತ್ತು ತರಬೇಕಾದ ನೀರು. ಬಯಲಿಗೆ ಹೋಗಲು ಕತ್ತಲೆಯನ್ನು ಕಾಯುವ ಸಂಕಟ. ಹೊಸ ಮನೆಯ ಪಾಯಖಾನೆಯನ್ನು ಕಂಡು ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಮ್ಮ ದೊಡ್ಡವ್ವನೇ. ಇನ್ನು ಆ ಹಳೆಯ ಕಟ್ಟೆಯೂ ಎಲ್ಲರ ಕಟ್ಟೆಯಾಗಿರಲಿಲ್ಲ. ಯಾರು ಮೇಲೆ ಕೂಡಬೇಕು, ಯಾರು ಕೆಳಗೆ ನಿಲ್ಲಬೇಕು, ಯಾರು ಓಣಿಯೊಳಕ್ಕೇ ಬರಬಾರದು ಎಂಬ ಕಟ್ಟಳೆಗಳಿದ್ದವು. ಮನೆಯ ನಾಲ್ಕು ನಿಲುಗಡೆಗಳು ಆದರದ ಮೆಟ್ಟಿಲುಗಳಾಗಿದ್ದಂತೆ ಜಾತಿಯ ಮೆಟ್ಟಿಲುಗಳೂ ಆಗಿದ್ದವು. ಅದನ್ನು ಮರೆತು ಕಟ್ಟೆಯ ನೆನಪಿಗೆ ಕಣ್ಣೀರು ಹಾಕುವುದು ಪ್ರಾಮಾಣಿಕತೆಯಲ್ಲ.

ಮನೆಯ ರೂಪ ಬದಲಾಗುವುದೂ ಹೊಸ ಸಂಗತಿಯಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು; 1880ರ ದಶಕದಲ್ಲಿ ಗದಗಿಗೆ ರೈಲು ಬಂದಿತು; ಕಾಲಕ್ರಮದಲ್ಲಿ ಹತ್ತಿಯ ವ್ಯಾಪಾರ ಬೆಳೆದ ಈ ಊರಿನ ಮನೆಗಳ ಮೇಲೆ ಕೆಂಪು ಹೆಂಚು ಏರಿತು. ಸಾಲ ತಂದು ಮನೆ ಕಟ್ಟಿದರೆಂದು ಹಳಿಯುವಂತೆಯೂ ಇಲ್ಲ. ಊರಿನವರೇ ಕೂಡಿ ಊರಿನವರಿಗೆ ಸಾಲ ಕೊಡುವ ಸಹಕಾರಿ ಸಂಘ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಹುಟ್ಟಿದೆ. ಹೊಸ ಮನೆಯ ಕಂಬ-ತೊಲೆಗಳ ಕಟ್ಟಡಕ್ಕೂ ಈ ನೆಲದಲ್ಲಿ ಕಾರಣವಿದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ಬಿರಿಯುತ್ತದೆ. ಆದ್ದರಿಂದ ಎರೆಯನ್ನು ದಾಟಿ ಗಟ್ಟಿ ಗರಸು ಸಿಗುವವರೆಗೆ ತೋಡಿ, ಅಲ್ಲಿಂದ ಕಾಂಕ್ರೀಟಿನ ಕಂಬಗಳನ್ನೆಬ್ಬಿಸಿ, ಮನೆಯ ಭಾರವನ್ನೆಲ್ಲ ಅವುಗಳ ಮೇಲೆ ಹೊರಿಸುತ್ತಾರೆ. ಭಾರ ಹೊರುವ ಕೆಲಸ ತಪ್ಪಿದ ಗೋಡೆ ತೆಳುವಾಗಬಹುದು, ಕಿಟಕಿ ದೊಡ್ಡದಾಗಬಹುದು, ಹಾಲು ವಿಶಾಲವಾಗಬಹುದು. ಇದು ಜಾಣತನವೇ.

ದೂರು ಬದಲಾವಣೆಯ ಮೇಲಲ್ಲ. ಬೇರೆ ಊರಿನ ಚಿತ್ರ ನೋಡಿ ಕಟ್ಟುವಾಗ ನಮ್ಮ ಊರಿನ ಬಿಸಿಲು, ಗಾಳಿ, ನೀರು, ನೆರೆಹೊರೆಗಳನ್ನು ನಾವು ಲೆಕ್ಕಕ್ಕೆ ಹಿಡಿಯುತ್ತಿಲ್ಲವಲ್ಲ ಎಂಬುದು ನನ್ನ ಚಿಂತೆ.

ಬಿಸಿಲನ್ನೇ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 38ರಿಂದ 40 ಡಿಗ್ರಿಯ ಬಿಸಿಲು ಅಪರೂಪವಲ್ಲ. ತೊಲೆ, ಜಂತಿಗಳ ಮೇಲೆ ಒಂದಡಿಯಷ್ಟು ಮಣ್ಣು ಹೊತ್ತ ಮಾಳಿಗೆಯ ಮೂಲಕ ಮಧ್ಯಾಹ್ನದ ಕಾವು ಒಳಗೆ ಇಳಿಯುವ ಹೊತ್ತಿಗೆ ರಾತ್ರಿಯಾಗಿ ಹೊರಗೆ ತಂಪಾಗಿರುತ್ತಿತ್ತು. ಐದು ಇಂಚಿನ ಸ್ಲ್ಯಾಬಾದರೋ ಹಗಲೆಲ್ಲ ಕಾದು, ನಾವು ಹಾಸಿಗೆ ಹಾಸುವ ಹೊತ್ತಿಗೆ ಸರಿಯಾಗಿ ಆ ಕಾವನ್ನು ಕೋಣೆಯೊಳಕ್ಕೆ ಬಿಡುತ್ತದೆ. ಪಕ್ಕದ ಮನೆಗೂ ನಮ್ಮ ಮನೆಗೂ ನಡುವೆ ಬಿಡಬೇಕಾದ ಜಾಗವನ್ನು ಪೂರ್ತಿ ಬಿಡುವವರು ವಿರಳ. ಆದ್ದರಿಂದ ಪಕ್ಕದ ಕಿಟಕಿಗಳು ಇದ್ದೂ ಇಲ್ಲದಂತೆ. ಕಪ್ಪತಗುಡ್ಡದ ಕಡೆಗೆ ಅಷ್ಟೆತ್ತರದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಗೆ ನಮ್ಮ ಮನೆಯೊಳಗೆ ಬರಲು ದಾರಿಯಿಲ್ಲ! ಅನಂತರ ಆ ಗೋಡೆಗೇ ಎ.ಸಿ. ಯಂತ್ರವನ್ನು ತೂಗುಹಾಕುತ್ತೇವೆ. ಸ್ಲ್ಯಾಬಿನ ಮೇಲೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಒಂದು ಪಾಲು ಹಿಂದಕ್ಕೆ ಹೋಗುತ್ತದೆ; ಪಡುವಣ ಕಿಟಕಿಯ ಮೇಲೆ ಅಗಲವಾದ ಛಜ್ಜೆ ಚಾಚಿದರೆ ಇಳಿಬಿಸಿಲಿನ ಒಂದಿಷ್ಟು ಭಾಗ ತಪ್ಪುತ್ತದೆ. ಆದರೆ ಛಜ್ಜೆ ಇದ್ದರೆ ಎಲಿವೇಶನ್ ಕೆಡುತ್ತದೆಂಬ ಮಾತನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ.

ನೀರಿನ ಮಾತೂ ಹೀಗೆಯೆ. ಗದಗ-ಬೆಟಗೇರಿಯವರಿಗೆ ನಳದ ನೀರಿಗೆ ದಿನಗಟ್ಟಲೆ ಕಾದು ಅಭ್ಯಾಸ. ಇಲ್ಲಿ ಮನೆ ಕಟ್ಟುವವರು ಮೊಟ್ಟಮೊದಲು ತೋಡಿಸುವುದು ನೆಲದೊಳಗಿನ ಟಾಕಿಯನ್ನು. ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರು ಬೇಕೆಂಬುದು ಎಂಜಿನಿಯರರ ಲೆಕ್ಕ. ಐದು ಜನರ ಮನೆಗೆ ಹದಿನೈದು ದಿನಕ್ಕೆ ಹತ್ತು ಸಾವಿರ ಲೀಟರಾಯಿತು. ನಾವು ಅಷ್ಟು ದೊಡ್ಡ ಟಾಕಿಯನ್ನೇ ಕಟ್ಟಿಸಿದೆವು. ಆದರೆ ಅದೇ ಮನೆಯ 1000 ಚದರಡಿಯ ಸ್ಲ್ಯಾಬಿನ ಮೇಲೆ ವರ್ಷಕ್ಕೆ ಬೀಳುವ ಸುಮಾರು 600 ಮಿಲಿಮೀಟರು ಮಳೆಯಲ್ಲಿ, ಪೋಲಾಗುವುದನ್ನು ಕಳೆದರೂ, 45 ಸಾವಿರ ಲೀಟರಿನಷ್ಟು ಸಿಗುತ್ತದೆಂದು, ಅದು ಆ ಐದು ಜನಕ್ಕೆ ಎರಡು ತಿಂಗಳ ನೀರೆಂದು, ಲೆಕ್ಕ ಹಾಕಿದ್ದು ಮನೆ ಮುಗಿದ ಮೇಲೆ. ಅಷ್ಟರಲ್ಲಿ ಮೊದಲ ವರ್ಷದ ಮಳೆ ಕೊಳವೆಯಿಂದಿಳಿದು ಗಟಾರ ಸೇರಿತ್ತು. ಲಕ್ಕುಂಡಿಯ ಮೆಟ್ಟಿಲುಬಾವಿಗಳ ಅಂದವನ್ನು ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ತೋರಿಸುವ ನಾವು, ಅವುಗಳಿಂದ ಕಲಿತದ್ದು ಇಷ್ಟೇ ಏನು?

ಈಗ ಮತ್ತೆ ದೊಡ್ಡವ್ವನ ಪ್ರಶ್ನೆಗೆ ಬರುತ್ತೇನೆ. ಬಿಸಿಲಿಗೆ ಸುಣ್ಣವಿದೆ, ನೀರಿಗೆ ಟಾಕಿಯಿದೆ; ಬಂದವರಿಗೆ ಏನಿದೆ? ಈ ಸೀಮೆಯ ಚಾಲುಕ್ಯರ ಕಾಲದ ಗುಡಿಗಳ ತೆರೆದ ಮಂಟಪಗಳನ್ನು ನೆನೆಸಿಕೊಳ್ಳಿ. ಹೊರಗೋಡೆಯ ಅಂದಕ್ಕೆ ಆ ಶಿಲ್ಪಿಗಳು ಕಡಿಮೆ ಶ್ರಮ ಪಟ್ಟವರಲ್ಲ. ನಕ್ಷತ್ರದಾಕಾರದ ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ನೋಡಿದವರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ಅಂಥ ಶಿಲ್ಪಿಗಳು ತೆರೆದ ಮಂಟಪ ಕಟ್ಟುವಾಗ ಅದರ ಅಂಚಿನುದ್ದಕ್ಕೂ ಕಲ್ಲಿನ ಒಂದು ಆಸನವನ್ನು ಹಾಯಿಸಿದರು. ಬಲ್ಲವರು ಅದಕ್ಕೆ ಕಕ್ಷಾಸನವೆನ್ನುತ್ತಾರೆ. ದೇವರ ಮನೆಗೂ ಕಟ್ಟೆ ಬೇಕಾಯಿತು. ನೋಡಲು ಮುಖ, ಕೂಡಲು ಜಾಗ ಎರಡನ್ನೂ ಒಂದೇ ಕಲ್ಲಿನಲ್ಲಿ ಕೊಡಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಾವು ಮುಖವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಇಂದಿನ ಮನೆಯಲ್ಲಿ ಕಾರಿಗೆ ಹದಿನೈದು ಅಡಿ ಉದ್ದದ ಜಾಗವಿದೆ. ಮನೆಯ ಹಿರಿಯರು ಸಂಜೆ ಬೀದಿ ನೋಡುತ್ತ ಕೂಡುವುದಕ್ಕೆ ಒಂದೂವರೆ ಅಡಿ ಇಲ್ಲ. ಬೆನ್ನು ಬಾಗಿದವರು ಹೊಳೆಯುವ ನೆಲದ ಮೇಲೆ ಜಾರುವ ಭಯದಿಂದ ಕೋಣೆ ಹಿಡಿಯುತ್ತಾರೆ. ಟೀವಿಯ ಮುಂದೆ ಕೂಡಿಸಿದರೆ ನಮ್ಮ ಕರ್ತವ್ಯ ಮುಗಿಯುತ್ತದೆ. ಬೀದಿಯಲ್ಲಿ ಹೋಗುವವರು ‘ಊಟ ಆತೇನ್ರೀ’ ಎಂದು ಕೇಳಬೇಕಾದರೆ ಕೇಳಿಸಿಕೊಳ್ಳುವವರು ಹೊರಗೆ ಕೂತಿರಬೇಕಷ್ಟೆ! ಕಳ್ಳರ ಭಯಕ್ಕೆ ಕಂಪೌಂಡನ್ನೆತ್ತರಿಸಿ ಕ್ಯಾಮರಾ ತೂಗುಹಾಕುತ್ತೇವೆ. ಕಟ್ಟೆಯ ಮೇಲೆ ಕೂತ ಮುದುಕಿಯೊಬ್ಬಳು ಇಡೀ ಓಣಿಯ ಮೇಲೆ ಕಣ್ಣಿಟ್ಟಿರುತ್ತಿದ್ದಳೆಂಬುದನ್ನು ಮರೆತಿದ್ದೇವೆ.

ನಮ್ಮ ನಕ್ಷೆಯನ್ನು ಕೊನೆಗೂ ತಿದ್ದಿಸಿದೆವು. ಗೇಟಿನ ಬದಿಯಲ್ಲಿ ಕಂಪೌಂಡನ್ನು ಒಂದೂವರೆ ಅಡಿ ಒಳಕ್ಕೆ ಸರಿಸಿ, ನಮ್ಮದೇ ಜಾಗದಲ್ಲಿ, ಬೀದಿಗೆ ಮುಖ ಮಾಡಿ, ಆರಡಿ ಉದ್ದದ ಕಟ್ಟೆ ಕಟ್ಟಿಸಿದೆವು. ಹಳೆಯ ಮನೆಯ ಕಟ್ಟೆಯ ಹಾಸುಗಲ್ಲು ನಮ್ಮ ಪಾಲಿಗೆ ಬಂದಿತ್ತು. ಅದನ್ನೇ ಮೇಲೆ ಹಾಸಿದೆವು. ಒಳಗಿನ ಜಾಗ ಅಷ್ಟು ಕಡಿಮೆಯಾದ್ದರಿಂದ ಗೇಟು ಹಾಕಿದರೆ ಕಾರು ಹಿಡಿಸುವುದಿಲ್ಲ. ತಮ್ಮನ ಕಾರು ಈಗಲೂ ರಸ್ತೆಯ ಮೇಲೆಯೆ ನಿಲ್ಲುತ್ತದೆ. ಅವನ ಗೊಣಗಾಟವೂ ನಿಂತಿಲ್ಲ. ಅವನ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ.

ಮೊದಲ ನಾಲ್ಕು ತಿಂಗಳು ಆ ಕಟ್ಟೆಯ ಮೇಲೆ ದೊಡ್ಡವ್ವನ ಹೊರತು ಯಾರೂ ಕೂಡಲಿಲ್ಲ. ಹೊಸ ಬಡಾವಣೆಯಲ್ಲಿ ನಡೆದು ಹೋಗುವವರೇ ಕಡಿಮೆ. ಕಲ್ಲು ಹಾಸಿದ ಮಾತ್ರಕ್ಕೆ ಓಣಿ ಹುಟ್ಟುವುದಿಲ್ಲವೆಂದು ನನಗೂ ಅನಿಸತೊಡಗಿತ್ತು. ಒಂದು ಮಧ್ಯಾಹ್ನ ಕಾಯಿಪಲ್ಲೆ ಮಾರುವ ಹೆಣ್ಣುಮಗಳೊಬ್ಬಳು ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ, ಕಟ್ಟೆಗೆ ತುಸು ದೂರವೇ ನಿಂತು, “ಯವ್ವಾ, ಇಲ್ಲೀಟು ಕುಂದರಲೇನು?” ಎಂದು ಕೇಳಿದಳು. ಒಂದು ಕಾಲಕ್ಕೆ ಹಾಗೆ ಕೇಳುವುದಕ್ಕೂ ಅಂಜಬೇಕಾಗಿದ್ದ ದಿನಗಳನ್ನು ಕಂಡವಳು ನಮ್ಮ ದೊಡ್ಡವ್ವ. ಅವಳು ತಾನು ಒಂದಿಷ್ಟು ಸರಿದು ಕೂತು, “ಕಟ್ಟಿ ಮ್ಯಾಲ ಕುಂದರಾಕ ಯಾರರೆ ಕೇಳ್ತಾರೇನವಾ?” ಎಂದಳು.