ತೂಕವಿಳಿಸುವ ಶಸ್ತ್ರಚಿಕಿತ್ಸೆ: ಒಪ್ಪಿಗೆಯ ರುಜುವಿಗೆ ಮುನ್ನ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಉತ್ಸವದ ಸಭೆಗಳಲ್ಲಿ ಕನ್ನಡ ಪಂಡಿತನಾದವನು ನಾಡುನುಡಿಗಳನ್ನು ಕುರಿತೋ ಕಾವ್ಯವನ್ನು ಕುರಿತೋ ಮಾತನಾಡುವುದು ವಾಡಿಕೆ. ಆ ವಾಡಿಕೆಯನ್ನು ಬದಿಗಿಟ್ಟು, ವೈದ್ಯರ ಕ್ಷೇತ್ರಕ್ಕೆ ಸೇರಿದ ವಿಷಯವೊಂದನ್ನು ನಾವು ಇಂದು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವುಂಟು. ಗೋವೆಯಲ್ಲಿ ನೆಲಸಿದ ಕನ್ನಡಿಗರ ನಡುವೆ ಶಾಲೆಯ ಮೇಷ್ಟರಿಗೆ ಪಾಠ ಹೇಳುವುದಲ್ಲದೆ ಇನ್ನೊಂದು ಕೆಲಸವೂ ತಾನಾಗಿ ಬಂದು ಸೇರುತ್ತದೆ. ಇಂಗ್ಲಿಷಿನಲ್ಲಿ ಬಂದ ಕಾಗದಗಳನ್ನು ಓದಿ, ಅದರಲ್ಲೇನಿದೆಯೆಂದು ತಿಳಿಯಹೇಳುವ ಕೆಲಸ ಅದು. ಬ್ಯಾಂಕಿನ ಪತ್ರ, ಕಾರ್ಖಾನೆಯ ನೋಟೀಸು, ಮನೆ ಬಾಡಿಗೆಯ ಕರಾರು ಇವುಗಳ ಜೊತೆಗೆ ಈಚಿನ ವರ್ಷಗಳಲ್ಲಿ ಆಸ್ಪತ್ರೆಯ ಕಾಗದಗಳೂ ನಮ್ಮ ಮೇಜಿಗೆ ಬರುತ್ತಿವೆ. ಅವುಗಳಲ್ಲೊಂದು ನಮ್ಮ ಮನೆಯದೇ ಆಗಿದ್ದಿತು. ತೂಕವಿಳಿಸುವ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದೇನೆಂದು ರೋಗಿ ಬರೆದುಕೊಡಬೇಕಾದ ಕಾಗದ ಅದು.

ರುಜು ಹಾಕಬೇಕಾಗಿದ್ದವರು ನಮ್ಮ ಅಕ್ಕನವರು. ಅವರ ಅನುಮತಿ ಪಡೆದೇ ಈ ಸಂಗತಿಯನ್ನು ನಿಮ್ಮ ಮುಂದಿಡುತ್ತಿದ್ದೇವೆ. ಅವರಿಗೆ ಈಗ 51 ವರ್ಷ. ಹಾವೇರಿಯ ಕಡೆಯಿಂದ ಮದುವೆಯಾಗಿ ವಾಸ್ಕೋಗೆ ಬಂದವರು, ಇಲ್ಲಿಯೇ ಒಂದು ಸಣ್ಣ ಖಾನಾವಳಿ ನಡೆಸುತ್ತಾರೆ. ಎತ್ತರ 152 ಸೆಂಟಿಮೀಟರು, ತೂಕ 112 ಕಿಲೋಗ್ರಾಂ. ಸಕ್ಕರೆ ಕಾಯಿಲೆಯಿದೆ, ಮಂಡಿ ಸವೆದಿದೆ, ರಾತ್ರಿ ನಿದ್ರೆಯಲ್ಲಿ ಉಸಿರು ಕಟ್ಟಿ ಎಚ್ಚರವಾಗುತ್ತದೆ. ಬೆಳಗಿನ ಐದಕ್ಕೆ ಒಲೆ ಹಚ್ಚಿ, ಎಲ್ಲರಿಗೂ ಬಡಿಸಿ, ತಾವು ಉಣ್ಣಲು ಕೂರುವಾಗ ಮಧ್ಯಾಹ್ನ ನಾಲ್ಕು ಗಂಟೆ. ಇಂಥವರನ್ನು ಮೈಗಳ್ಳರೆಂದು ಯಾರೂ ಹೇಳಲಾರರು. ಆದರೂ ಬೀದಿಯಲ್ಲಿ ಹೋಗುವಾಗ ಅವರ ಕಿವಿಗೆ ಬೀಳುವ ಮಾತುಗಳು ಎಂಥವೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಒಂದು ಮನೆಯ ಕಥೆ ಮಾತ್ರವೆಂದು ಭಾವಿಸಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಸಕ್ಕರೆ ಕಾಯಿಲೆಯ ಪ್ರಮಾಣ ಅತ್ಯಧಿಕವಾಗಿ ಕಂಡುಬಂದ ರಾಜ್ಯ ಗೋವೆ. ವಯಸ್ಕರಲ್ಲಿ ಅದು ಶೇಕಡಾ 26.4. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಇಲ್ಲಿನ ಮಹಿಳೆಯರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚಿನವರು ಮಿತಿಮೀರಿದ ತೂಕದವರು. 1961ರಲ್ಲಿ ಗೋವೆ ವಿಮೋಚನೆಗೊಂಡ ಮೇಲೆ ಮುರಗಾಂವ್ ಬಂದರಿಗೆ, ಗಣಿಗಳಿಗೆ, ಝುವಾರಿನಗರದ ಕಾರ್ಖಾನೆಗೆ, ಕಟ್ಟಡಗಳ ಕೆಲಸಕ್ಕೆ ಘಟ್ಟವಿಳಿದು ಬಂದ ನಮ್ಮ ಹಿರಿಯರು ಮೈಮುರಿದು ದುಡಿದರು. ಅವರ ಮಕ್ಕಳು ಈಗ ವಾಹನ ನಡೆಸುತ್ತಾರೆ, ಅಂಗಡಿಯಲ್ಲಿ ಕೂರುತ್ತಾರೆ, ರಾತ್ರಿಪಾಳಿಯಲ್ಲಿ ಕಾವಲು ಕಾಯುತ್ತಾರೆ. ಜೋಳದ ರೊಟ್ಟಿಯ ಜಾಗಕ್ಕೆ ಅನ್ನವೂ ಪಾವೂ ಬಂದಿವೆ. ದುಡಿಮೆ ಬದಲಾಯಿತು, ಊಟದ ಹೊತ್ತು ತಪ್ಪಿತು. ದೇಹ ಅದರ ಲೆಕ್ಕವನ್ನು ಬರೆದಿಟ್ಟುಕೊಂಡಿದೆ.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ಗಾದೆಯೇನೋ ಒಳ್ಳೆಯದೇ. ಆದರೆ ರೋಗ ಬಂದವರೆಲ್ಲ ಊಟ ಬಲ್ಲದವರೆಂದು ಅದನ್ನು ತಿರುಗಿಸಿ ಓದಿದರೆ ಅನ್ಯಾಯವಾಗುತ್ತದೆ. ಪ್ರಾಚೀನರು ಹಾಗೆ ಓದಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೌಲ್ಯದ ಕಾರಣಗಳನ್ನು ಎಣಿಸುವಾಗ ಅತಿಯಾದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ ಇವುಗಳೊಡನೆ ಬೀಜಸ್ವಭಾವವನ್ನೂ, ಎಂದರೆ ಹುಟ್ಟಿನಿಂದ ಬಂದ ಗುಣವನ್ನೂ ಹೇಳಿದೆ. ಅತಿಸ್ಥೂಲ, ಅತಿಕೃಶ ಇಬ್ಬರಲ್ಲಿ ಸ್ಥೂಲನ ಚಿಕಿತ್ಸೆಯೇ ಹೆಚ್ಚು ಕಷ್ಟವೆಂದೂ ಅಲ್ಲಿ ಒಪ್ಪಿಕೊಂಡಿದೆ. ಇಂದಿನ ವಿಜ್ಞಾನವೂ ಇದೇ ದಿಕ್ಕಿನಲ್ಲಿ ಹೆಚ್ಚು ವಿವರವಾಗಿ ಮಾತನಾಡುತ್ತದೆ. ಉಪವಾಸದಿಂದ ತೂಕ ಇಳಿದೊಡನೆ ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನು ರಕ್ತದಲ್ಲಿ ಏರುತ್ತದೆ, ದೇಹ ಕಡಮೆ ಶಕ್ತಿಯನ್ನು ವ್ಯಯಮಾಡಲು ಕಲಿಯುತ್ತದೆ. ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ದೇಹವೇ ಹೂಡುವ ಹೋರಾಟವಿದು. ಬಹಳ ಸ್ಥೂಲರಾದವರು ಮನಸ್ಸಿನ ಬಲವೊಂದರಿಂದಲೇ ಅದನ್ನು ವರ್ಷಗಟ್ಟಲೆ ಎದುರಿಸುವುದು ಅಪರೂಪ. ಆದುದರಿಂದ ಶಸ್ತ್ರಚಿಕಿತ್ಸೆಯನ್ನು ಯೋಚಿಸುವವರನ್ನು ಸೋಮಾರಿಗಳ ಅಡ್ಡದಾರಿ ಹಿಡಿದವರೆಂದು ಹಳಿಯುವುದು ಸಲ್ಲದು.

ಇನ್ನು, ಈ ಚಿಕಿತ್ಸೆಯೆಂದರೇನು? ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಆರಂಭಿಸಿದ ವಿಧಾನ ಬೆಳೆದು ಇಂದಿನ ರೂಪಕ್ಕೆ ಬಂದಿದೆ. ಈಗ ಮುಖ್ಯವಾಗಿ ಎರಡು ಬಗೆಗಳು ಬಳಕೆಯಲ್ಲಿವೆ. ಮೊದಲನೆಯದು ಸ್ಲೀವ್, ಇದರಲ್ಲಿ ಜಠರದ ಮುಕ್ಕಾಲು ಪಾಲಿಗಿಂತಲೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ, ಉಳಿಯುವುದು ಬಾಳೆಕಾಯಿಯ ಆಕಾರದ ಒಂದು ಕೊಳವೆ. ತೆಗೆದದ್ದನ್ನು ಮರಳಿ ಇಡುವ ಉಪಾಯವಿಲ್ಲ. ಎರಡನೆಯದು ಬೈಪಾಸ್, ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಎರಡನ್ನೂ ಸಾಮಾನ್ಯವಾಗಿ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳ ಮೂಲಕವೇ ಮಾಡುತ್ತಾರೆ. ಎರಡರಲ್ಲಿಯೂ ಊಟದ ಪ್ರಮಾಣ ತಗ್ಗುವುದಲ್ಲದೆ ಹಸಿವಿನ ಹಾರ್ಮೋನುಗಳ ನಡೆಯೂ ಬದಲಾಗುತ್ತದೆ.

ಇದು ಯಾರಿಗೆ ತಕ್ಕುದು? ತೂಕವನ್ನು ಕಿಲೋಗ್ರಾಂಗಳಲ್ಲಿ ತೆಗೆದುಕೊಂಡು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯನ್ನು ವೈದ್ಯರು ಬಿ.ಎಂ.ಐ. ಎನ್ನುತ್ತಾರೆ. ನಮ್ಮ ಅಕ್ಕನವರದು 48ನ್ನು ದಾಟುತ್ತದೆ. ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಟನೆಗಳು 2022ರಲ್ಲಿ ನೀಡಿದ ಮಾರ್ಗಸೂಚಿಯಂತೆ 35 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಬೇರೆ ಕಾಯಿಲೆ ಇರಲಿ ಬಿಡಲಿ ಈ ಚಿಕಿತ್ಸೆಯನ್ನು ಸೂಚಿಸಬಹುದು. ಸಕ್ಕರೆ ಕಾಯಿಲೆ ಮೊದಲಾದವು ಇದ್ದರೆ 30ಕ್ಕೇ ಯೋಚಿಸಬಹುದು. ಏಷ್ಯಾದ ಜನರಿಗೆ ಈ ಮಿತಿಗಳನ್ನು ಇನ್ನೂ ತಗ್ಗಿಸಿದೆ. ಆದರೆ ವಿಮೆಯ ಅಳತೆಗೋಲು ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ 40, ಇಲ್ಲವೆ ಗಂಭೀರ ಕಾಯಿಲೆಯೊಡನೆ 35 ಇರಬೇಕು, ಸೌಮ್ಯವಾದ ಉಪಾಯಗಳು ಮೊದಲು ವಿಫಲವಾಗಿರಬೇಕು. ವೈದ್ಯರು ತಕ್ಕುದೆಂದವರಿಗೆಲ್ಲ ವಿಮೆಯ ಹಣ ಬಂದೇ ಬರುವುದೆಂದು ನಂಬಿ ಸಾಲ ಮಾಡಬಾರದು.

ಲಾಭವೆಷ್ಟು? ಸ್ವೀಡನ್ ದೇಶದಲ್ಲಿ 4047 ಸ್ಥೂಲರನ್ನು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರು ಎಂದು ಎರಡು ಗುಂಪಾಗಿಸಿ, ಸರಾಸರಿ ಹನ್ನೊಂದು ವರ್ಷಗಳ ಕಾಲ ಗಮನಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಡಿಸಿಕೊಳ್ಳದವರಲ್ಲಿ 129 ಜನ, ಮಾಡಿಸಿಕೊಂಡವರಲ್ಲಿ 101 ಜನ ತೀರಿಕೊಂಡಿದ್ದರು. ಆಯುಷ್ಯ ಬೆಳೆಯುತ್ತದೆಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಬೈಪಾಸ್ ಆದವರ ತೂಕ ಹತ್ತು ವರ್ಷಗಳ ಅನಂತರ ಮೊದಲಿಗಿಂತ ಸುಮಾರು ಶೇಕಡಾ 25ರಷ್ಟು ಕಡಮೆಯಾಗಿದ್ದಿತು. ಈ ಲೆಕ್ಕವನ್ನು ಅಕ್ಕನವರಿಗೆ ಅನ್ವಯಿಸಿ ನೋಡಿದೆವು. 112 ಕಿಲೋಗ್ರಾಂ 84 ಆಗುತ್ತದೆ. ಮಂಡಿಗೂ ಉಸಿರಿಗೂ ಅದು ದೊಡ್ಡ ಉಪಕಾರ. ಆದರೆ ಜಾಹೀರಾತಿನ ಚಿತ್ರದಲ್ಲಿರುವ ತೆಳ್ಳನೆಯ ಹೆಂಗಸು ಅವರಾಗುವುದಿಲ್ಲ. ಸಕ್ಕರೆ ಕಾಯಿಲೆಯ ವಿಷಯದಲ್ಲಿಯೂ ಹೀಗೆಯೇ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 150 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಐದನೆಯ ವರ್ಷದ ಫಲಿತಾಂಶ 2017ರಲ್ಲಿ ಬಂದಿತು. ಸಕ್ಕರೆ ಬಹುಮಟ್ಟಿಗೆ ಹತೋಟಿಗೆ ಬಂದವರು ಬೈಪಾಸ್‌ನಲ್ಲಿ ನೂರಕ್ಕೆ 29, ಸ್ಲೀವ್‌ನಲ್ಲಿ 23, ಔಷಧ ಮಾತ್ರ ತೆಗೆದುಕೊಂಡವರಲ್ಲಿ 5. ಔಷಧಕ್ಕಿಂತ ಬಹಳ ಮೇಲು ನಿಜ, ಎಲ್ಲರಿಗೂ ಗುಣವಾಗುತ್ತದೆಂಬ ಮಾತು ನಿಜವಲ್ಲ.

ಅಪಾಯವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಅಮೆರಿಕದಲ್ಲಿ 4776 ರೋಗಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂವತ್ತು ದಿನಗಳೊಳಗೆ ಸಾವಿರಕ್ಕೆ ಮೂವರು ಸತ್ತಿದ್ದರು. ನೂರಕ್ಕೆ ನಾಲ್ವರಿಗೆ ಸಾವೋ ದೊಡ್ಡ ತೊಡಕೋ ಉಂಟಾಗಿದ್ದಿತು. ಹೊಲಿದ ಜಾಗ ಸೋರುವುದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಇವು ಆ ತೊಡಕುಗಳು. ಇವು ದಾಟಿದ ಮೇಲೆ ಉಳಿಯುವುದು ಜೀವನಪರ್ಯಂತದ ಶಿಸ್ತು. ಕಬ್ಬಿಣ, ಕ್ಯಾಲ್ಸಿಯಂ, ಬಿ-12, ಡಿ ಜೀವಸತ್ವಗಳನ್ನು ಸಾಯುವ ತನಕ ತೆಗೆದುಕೊಳ್ಳಬೇಕು, ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಬೇಗನೆ ತೂಕವಿಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಎದೆಯುರಿಯುಳ್ಳವರಿಗೆ ಸ್ಲೀವ್‌ನಿಂದ ಅದು ಹೆಚ್ಚಾಗಬಹುದು. ಹರೆಯದ ಹೆಣ್ಣುಮಕ್ಕಳು ಒಂದು ಒಂದೂವರೆ ವರ್ಷ ಬಸಿರನ್ನು ಮುಂದೂಡಬೇಕು. ಬೈಪಾಸ್ ಆದವರಿಗೆ ಮದ್ಯ ಬಹು ಬೇಗ ತಲೆಗೇರುತ್ತದೆ, ಚಟವಾಗುವ ಸಂಭವವೂ ಹೆಚ್ಚುತ್ತದೆ. ಫೆನಿಯ ನಾಡಿನಲ್ಲಿ ಬಾಳುವ ನಾವು ಇದನ್ನು ವಿಶೇಷವಾಗಿ ನೆನಪಿಡಬೇಕು.

ಕತ್ತಿಯೇ ಬೇಡ, ಸೂಜಿ ಸಾಲದೆ ಎಂದು ಈಗ ಹಲವರು ಕೇಳುತ್ತಾರೆ. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದುಗಳು ತೂಕವಿಳಿಸುವ ಉದ್ದೇಶಕ್ಕಾಗಿಯೇ 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಅವುಗಳಿಂದ ಗಣನೀಯವಾಗಿ ತೂಕ ಇಳಿಯುತ್ತದೆ. ಆದರೆ ಸೆಮಾಗ್ಲುಟೈಡನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತೆಂದು 2022ರ ವರದಿಯೊಂದು ತೋರಿಸಿದೆ. ಆದುದರಿಂದ ಇದನ್ನೂ ವೈದ್ಯರೊಡನೆ ಚರ್ಚಿಸುವಾಗ, ಎಷ್ಟು ವರ್ಷ ಈ ವೆಚ್ಚವನ್ನು ತಡೆದುಕೊಳ್ಳಬಲ್ಲೆವೆಂಬ ಲೆಕ್ಕ ಜೊತೆಗಿರಬೇಕು.

ಇಷ್ಟೆಲ್ಲವನ್ನೂ ನಾವು ತಿಳಿದುಕೊಂಡದ್ದು ಒಂದು ಮಾತಿನ ಪರಿಣಾಮವಾಗಿ. ಮೊದಲ ಭೇಟಿಯಲ್ಲಿ ಶಸ್ತ್ರವೈದ್ಯರು ಅಕ್ಕನವರಿಗೆ ಅರ್ಧ ಗಂಟೆ ಹಿಂದಿಯಲ್ಲಿ ಸಹನೆಯಿಂದಲೇ ವಿವರಿಸಿದರು. ಅಕ್ಕನವರು ಪ್ರತಿ ಮಾತಿಗೂ ತಲೆಯಾಡಿಸಿದರು. ಮನೆಗೆ ಬಂದು ಒಪ್ಪಿಗೆಯ ಕಾಗದವನ್ನು ನಮ್ಮ ಕೈಗಿತ್ತು ಕೇಳಿದ ಪ್ರಶ್ನೆ ಇದು: "ತಮ್ಮಾ, ಅವ್ರು ನನ್ನ ಹೊಟ್ಟೀ ಕೊಯ್ದು ತಗೀತಾರೋ, ಬರೇ ಕಟ್ತಾರೋ?" ತೆಗೆದರೆ ಮರಳಿ ಬಾರದ ಅಂಗವೊಂದನ್ನು ಕೊಡಲು ಹೊರಟವರಿಗೆ, ಕೊಡುತ್ತಿರುವುದೇನೆಂಬುದೇ ತಿಳಿದಿರಲಿಲ್ಲ!

ಮನೆಯವರ ಅಭಿಪ್ರಾಯಗಳಿಗೇನೂ ಕೊರತೆಯಿರಲಿಲ್ಲ. ದೇವರು ಕೊಟ್ಟ ಹೊಟ್ಟೆಗೆ ಕತ್ತಿ ಹಚ್ಚಬಾರದೆಂದು ನಮ್ಮ ತಾಯಿಯವರು. ನಾಳೆಯೇ ಆಗಲಿ, ಸಾಲ ನಾನು ತೀರಿಸುತ್ತೇನೆಂದು ಮಗ. ಖಾನಾವಳಿ ಮುಚ್ಚಿದರೆ ಗಿರಾಕಿಗಳು ಹೋಗುತ್ತಾರೆಂದು ಭಾವನವರು. ಪ್ರತಿಯೊಂದರಲ್ಲೂ ಪ್ರೀತಿಯಿದ್ದಿತು. ಅಕ್ಕನವರನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಎರಡನೆಯ ಭೇಟಿಗೆ ನಾವೂ ಜೊತೆಗೆ ಹೋದೆವು. ಕಾರವಾರದ ಕಡೆಯ ದಾದಿಯೊಬ್ಬರು ಕನ್ನಡದಲ್ಲಿ ತಿಳಿಯಹೇಳಿದರು. ಆಗ ಅಕ್ಕನವರು ಯಾವ ಕಾಗದದಲ್ಲೂ ಇಲ್ಲದ ಪ್ರಶ್ನೆಯೊಂದನ್ನು ಕೇಳಿದರು: "ರುಚಿ ನೋಡಲಾರ್ದ ಪಲ್ಯಾ ಹೆಂಗ ಮಾಡ್ಲಿ, ಸಾಹೇಬ್ರ?" ವೈದ್ಯರು ನಗಲಿಲ್ಲ. ಮೊದಲ ಕೆಲವು ವಾರ ದ್ರವಾಹಾರ, ಮೆತ್ತನೆಯ ಆಹಾರ ಮಾತ್ರ, ಒಂದೂವರೆ ತಿಂಗಳಷ್ಟು ಭಾರದ ಪಾತ್ರೆ ಎತ್ತುವಂತಿಲ್ಲ, ಆಮೇಲೆ ರುಚಿ ನೋಡಬಹುದು. ಆದರೆ ನೋಡಿದ ರುಚಿಯೂ ಆ ದಿನದ ಊಟದ ಲೆಕ್ಕಕ್ಕೆ ಸೇರಬೇಕು ಎಂದರು. ಹೋಳಿಗೆಯಂಥ ಸಿಹಿಯನ್ನು ಹೆಚ್ಚು ತಿಂದರೆ, ಬೈಪಾಸ್ ಆದವರಿಗೆ ಮೈ ಬೆವರಿ ತಲೆಸುತ್ತು ಬರಬಹುದೆಂದೂ ತಿಳಿಸಿದರು. ಅಕ್ಕನವರು ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಒಂದು ತಿಂಗಳ ಸಮಯ ಬೇಡಿದರು. ಹೂಂ ಎನ್ನುವುದಾದರೂ ಊಹೂಂ ಎನ್ನುವುದಾದರೂ ತಾವೇ ಎನ್ನುವುದಾಗಿ ಮನೆಯಲ್ಲಿ ಎಲ್ಲರಿಗೂ ಹೇಳಿದ್ದಾರೆ. ಆ ತಿಂಗಳು ಇನ್ನೂ ಮುಗಿದಿಲ್ಲ. ಒಲೆಯ ಮುಂದೆ ತಮ್ಮ ಬದಲಿಗೆ ನಿಲ್ಲಬಲ್ಲ ಹೆಂಗಸೊಬ್ಬಳಿಗೆ ರೊಟ್ಟಿ ಬಡಿಯುವುದನ್ನು ಕಲಿಸತೊಡಗಿದ್ದಾರೆ; ಅದರಿಂದ ನಾವು ಯಾವ ಅರ್ಥವನ್ನೂ ಹಚ್ಚುವುದಿಲ್ಲ.

ಈ ಪ್ರಶ್ನೆಯನ್ನು ಎದುರಿಸುತ್ತಿರುವ ಮನೆಗಳಿಗೆ ನಮ್ಮ ವಿನಂತಿಯಿಷ್ಟೆ. ಯಾವ ಬಗೆಯ ಶಸ್ತ್ರಚಿಕಿತ್ಸೆ, ನನಗೆ ಅದೇ ಏಕೆ. ಈ ವೈದ್ಯರು ಇಂಥವನ್ನು ಎಷ್ಟು ಮಾಡಿದ್ದಾರೆ. ರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡಬೇಕು. ಐದು ವರ್ಷಗಳ ಮೇಲೆ ನನ್ನ ರಕ್ತಪರೀಕ್ಷೆ ನೋಡುವವರು ಯಾರು. ಕೆಲಸ ಬಿಟ್ಟು ಊರಿಗೆ ಮರಳಿದರೆ ಅಲ್ಲಿ ಗತಿಯೇನು. ವಿಮೆ ಎಷ್ಟು ಕೊಡುವುದೆಂದು ಬರಹದಲ್ಲಿ ತಿಳಿಸಿದ್ದಾರೆಯೇ? ಇವಿಷ್ಟಕ್ಕೆ ಉತ್ತರ ದೊರೆತು, ರೋಗಿಯು ಆ ಉತ್ತರವನ್ನು ತನ್ನ ಮಾತಿನಲ್ಲಿ ಮನೆಯವರಿಗೆ ತಿರುಗಿ ಹೇಳಬಲ್ಲವನಾದ ಮೇಲೆ ರುಜು ಬೀಳಲಿ.

ಸಂಘಕ್ಕೂ ಒಂದು ವಿನಂತಿ. 1842ರಲ್ಲಿಯೇ ಪಣಜಿಯಲ್ಲಿ ವೈದ್ಯಶಾಲೆ ಸ್ಥಾಪಿತವಾದ ನಾಡಿದು. ಅದೇ ಇಂದು ಬಾಂಬೋಳಿಯಲ್ಲಿರುವ ಗೋವಾ ವೈದ್ಯಕೀಯ ಕಾಲೇಜು. ಕಾರವಾರ, ಬೆಳಗಾವಿಗಳ ಕಡೆಯಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸಿ, ರೋಗಿಯ ಮಾತನ್ನು ವೈದ್ಯರಿಗೆ ಮುಟ್ಟಿಸಬಲ್ಲ ಹತ್ತು ಮಂದಿ ನಮ್ಮ ಸದಸ್ಯರಲ್ಲಿ ಖಂಡಿತ ಇದ್ದಾರೆ. ಅವರ ಹೆಸರು, ಫೋನ್ ಸಂಖ್ಯೆ, ಬಿಡುವಿನ ದಿನ ಇವುಗಳ ಪಟ್ಟಿಯೊಂದನ್ನು ಸಂಘದ ಕಚೇರಿಯಲ್ಲಿ ಇಡೋಣ. ಮೊದಲ ಹೆಸರನ್ನು ನಾವು ಬರೆದುಕೊಟ್ಟಿದ್ದೇವೆ. ಭಾನುವಾರ ಮತ್ತು ಶಾಲೆಯ ರಜಾದಿನಗಳು ನಮ್ಮವು. ಸಭೆ ಮುಗಿದ ಮೇಲೆ ಉಳಿದವರು ಕಾರ್ಯದರ್ಶಿಗಳನ್ನು ಕಾಣಬೇಕೆಂದು ಕೋರುತ್ತೇವೆ.