ಕಮಾನಿಗಿಂತ ಮೊದಲು ಒಂದು ಕೋಣೆ



ನಾನು ಕೆಲಸ ಮಾಡುವ ಕಂಪನಿಯಲ್ಲಿ ನಮ್ಮಂಥ ದೊಡ್ಡವರಿಗೇ ಆಪ್ತಸಮಾಲೋಚಕರಿದ್ದಾರೆ. ಎಸ್ಸೆಸ್ಸೆಲ್ಸಿ ಭಯದಲ್ಲಿರುವ ನಮ್ಮೂರ ಮಕ್ಕಳಿಗೆ ಯಾರಿದ್ದಾರೆ? ಮೇಷ್ಟ್ರಿದ್ದಾರೆ, ನಿಜ. ಆದರೆ ಪಾಠದ ಜೊತೆಗೆ ಬಿಸಿಯೂಟ, ಗಣತಿ, ಚುನಾವಣೆ ಎಲ್ಲವೂ ಅವರ ತಲೆಯ ಮೇಲೇ.

ಮನಶ್ಶಾಸ್ತ್ರಜ್ಞರು ಎಂದೊಡನೆ ‘ನಮ್ಮ ಹುಡುಗನಿಗೇನು ಹುಚ್ಚೇ?’ ಎನ್ನುತ್ತೇವೆ. ಮಾತಿನಲ್ಲಿ ಚುರುಕಾದ ಹುಡುಗ ಓದುವಾಗ ಅಕ್ಷರಕ್ಕಕ್ಷರ ತಡವರಿಸಿದರೆ, ಅದು ಸೋಮಾರಿತನವೋ ಡಿಸ್ಲೆಕ್ಸಿಯಾವೋ ಎಂದು ಅವರು ಪರೀಕ್ಷಿಸಿ ತಿಳಿಸುತ್ತಾರೆ. ಇಂಥ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಸೇರಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ರಿಯಾಯಿತಿ ಉಂಟು. ಮನೆಯಲ್ಲಿ ಮದುವೆಯ ಮಾತು ಶುರುವಾಗಿ ಮಂಕಾದ ಹುಡುಗಿಯ ಕಷ್ಟವನ್ನೂ ಅವರು ಕೇಳುತ್ತಾರೆ. ಕೇಳಿದ್ದನ್ನು ಊರ ಕಟ್ಟೆಗೆ ತರುವುದಿಲ್ಲ.

100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಾದ ಸಮಾಲೋಚಕರೊಬ್ಬರಾದರೂ ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೇಮಕ ಆದಾಗ ಆಗಲಿ. ಅಲ್ಲಿಯವರೆಗೆ, ಕಮಾನಿಗೆಂದು ಕೂಡಿಸುತ್ತಿರುವ ಹಣದಲ್ಲಿ ವಾರಕ್ಕೊಂದು ದಿನ ಜಿಲ್ಲಾ ಕೇಂದ್ರದಿಂದ ಒಬ್ಬರನ್ನು ಕರೆಸೋಣ. ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಸಾಕು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ನಾಳೆಯೇ ಗೋಡೆಗೆ ಬರೆಸೋಣ, ಬಣ್ಣದ ಖರ್ಚು ನನ್ನದು.