ಕೇಳಿ ತಿಳಿದು ಅಂಗಡಿ ಕೆಲಸಕ್ಕೆ ಸೇರೋಣ



ಒಂದು ಕಾಲಕ್ಕೆ ನಮ್ಮ ಹರಿಹರದಲ್ಲಿ ಕೆಲಸ ಅಂದರೆ ಕಿರ್ಲೋಸ್ಕರ್ ಕಾರ್ಖಾನೆ. ಅದು ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಈಗ ಎಷ್ಟೋ ಮನೆಗಳು ಹೆಣ್ಣುಮಕ್ಕಳ ದುಡಿಮೆಯಿಂದ ನಡೆಯುತ್ತಿವೆ. ದಾವಣಗೆರೆ ಇಲ್ಲಿಂದ ಸುಮಾರು 14 ಕಿಲೋಮೀಟರ್. ಅಲ್ಲಿ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ದಿನಸಿ ಅಂಗಡಿ ಬೇಕಾದಷ್ಟಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅಂದಿನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಹೋಗಿ ಕೆಲಸ ಕೇಳಬಹುದಲ್ಲ? ಆದರೆ "ಇಂಟರ್‌ವ್ಯೂ" ಅಂದ ಕೂಡಲೇ ನಮಗೆ ಎದೆ ಡವಡವ!

ಹೆದರಬೇಡಿ. ಇಂಟರ್‌ವ್ಯೂ ಅಂದರೆ ಮಾತುಕತೆ. ಅವರು ನಮ್ಮನ್ನು ನೋಡುತ್ತಾರೆ. ನಾವೂ ಅವರನ್ನು ನೋಡಬೇಕು.

ಸಣ್ಣ ಅಂಗಡಿಯಲ್ಲಿ ಸಾಹುಕಾರರೇ ಗಲ್ಲಾ ಮುಂದೆ ಕೂತು ಮಾತಾಡುತ್ತಾರೆ. ನಡುವೆ ಗಿರಾಕಿ ಬಂದರೆ ಕಾಯಬೇಕು. ಅದಕ್ಕೇ ಬೆಳಿಗ್ಗೆ, ಗಿರಾಕಿ ಕಡಿಮೆ ಇದ್ದಾಗ ಹೋಗಿ. ದೊಡ್ಡ ಅಂಗಡಿಯಲ್ಲಿ ಮ್ಯಾನೇಜರ್ ಇರುತ್ತಾರೆ. ಮೊದಲು ಒಂದು ಫಾರಂ ಕೊಡಬಹುದು. ಹೆಸರು, ವಯಸ್ಸು, ವಿಳಾಸ, ಫೋನ್ ನಂಬರ್ ಬರೆಯಬೇಕು. ಇದನ್ನೆಲ್ಲ ನೀವು ಕಲಿತಿದ್ದೀರಿ. ಅವಸರ ಮಾಡದೆ ಬರೆಯಿರಿ.

ಆಧಾರ್ ಕಾರ್ಡಿನ ಜೆರಾಕ್ಸ್ ಒಯ್ಯಿರಿ. ಅಸಲು ಕಾರ್ಡು ತೋರಿಸಿ, ವಾಪಸ್ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಬಿಟ್ಟು ಬರಬೇಡಿ.

ಏನು ಕೇಳುತ್ತಾರೆ? ಹೀಗೆ ಕೇಳಬಹುದು:

"ಎಲ್ಲಿಂದ ಬಂದೀಯಮ್ಮ?"

"ಹರಿಹರದಿಂದ್ರಿ."

"ಮುಂಚೆ ಅಂಗಡ್ಯಾಗೆ ಕೆಲಸ ಮಾಡೀಯೇನು?"

"ಇಲ್ರಿ. ಸಂತ್ಯಾಗೆ ತರಕಾರಿ ಮಾರೀನಿ. ಸಂಘದ ಲೆಕ್ಕ ನೋಡ್ತೀನ್ರಿ."

ನೋಡಿ, ಇದು ಒಳ್ಳೆಯ ಉತ್ತರ. ಗೊತ್ತಿಲ್ಲದ್ದನ್ನು ಗೊತ್ತು ಅನ್ನಬೇಡಿ. ಗೊತ್ತಿದ್ದದ್ದನ್ನು ಮುಚ್ಚಿಡಲೂ ಬೇಡಿ.

"ಒಂದು ಸೀರೆಗೆ 650 ರೂಪಾಯಿ. ಎರಡು ಸೀರೆ ತಗೊಂಡು 1,500 ಕೊಟ್ರು. ಎಷ್ಟು ವಾಪಸ್ ಕೊಡ್ತೀ?"

"ಇನ್ನೂರು ರೂಪಾಯಿರಿ."

"ಇಪ್ಪತ್ತು ಸೀರೆ ಬಿಚ್ಚಿಸಿ ಒಂದೂ ತಗೊಳ್ಳದೆ ಹೋದ್ರೆ?"

"ಮಡಿಚಿ ಇಡ್ತೀನ್ರಿ. ಮತ್ತೆ ಬರ್ರಿ ಅಂತೀನಿ."

ತಾಳ್ಮೆ ಇದೆಯೋ ಇಲ್ಲವೋ ಅಂತ ಅವರು ನೋಡುವುದು ಹೀಗೆ.

ಈಗ ನಮ್ಮ ಸರದಿ. ನಾವು ಐದು ಮಾತು ಕೇಳಲೇಬೇಕು.

ಒಂದು: ಸಂಬಳ ಎಷ್ಟು, ಯಾವ ತಾರೀಖಿಗೆ ಕೊಡುತ್ತೀರಿ?

ಎರಡು: ಕೆಲಸ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ? ಮನೆಗೆ ಬರಲು ಬಸ್ ಸಿಗಬೇಕಲ್ಲ!

ಮೂರು: ವಾರದ ರಜೆ ಯಾವ ದಿನ?

ನಾಲ್ಕು: ಹಬ್ಬದ, ಮದುವೆಯ ಸೀಸನ್ನಿಗೆ ಮಾತ್ರವೋ, ವರ್ಷಪೂರ್ತಿಯೋ?

ಐದು: ಊಟಕ್ಕೆ ಬಿಡುವು, ಶೌಚಾಲಯ, ಕೂರಲು ಜಾಗ ಇದೆಯೇ?

"ಇಷ್ಟೆಲ್ಲ ಕೇಳಿದರೆ ಕೆಲಸ ಕೊಡ್ತಾರೇನ್ರಿ ಟೀಚರ್?" ಅನ್ನುತ್ತೀರಿ. ಮೆತ್ತಗೆ, ಮರ್ಯಾದೆಯಿಂದ ಕೇಳಿ. ಇದು ದಯೆ ಬೇಡುವುದಲ್ಲ. ಅಂಗಡಿ ಕೆಲಸಗಾರರಿಗಾಗಿ ಕರ್ನಾಟಕದಲ್ಲಿ 1961ರಲ್ಲೇ ಕಾನೂನು ಬಂದಿದೆ. ವಾರಕ್ಕೆ 48 ಗಂಟೆ ಕೆಲಸ. ಅದಕ್ಕಿಂತ ಹೆಚ್ಚು ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ. ವಾರಕ್ಕೆ ಒಂದು ದಿನ ರಜೆ. ಕೆಲಸಕ್ಕೆ ಸೇರಿಸಿಕೊಂಡ ಮೇಲೆ ನೇಮಕದ ಪತ್ರ ಬರೆದು ಕೊಡಬೇಕು. ಒಂದೇ ಕೆಲಸಕ್ಕೆ ಗಂಡಿಗೊಂದು ಕೂಲಿ, ಹೆಣ್ಣಿಗೊಂದು ಕೂಲಿ ಕೊಡುವಂತಿಲ್ಲ.

ಕೂರುವ ಮಾತು ಸಣ್ಣದಲ್ಲ. ದಿನವಿಡೀ ನಿಂತರೆ ಕಾಲು ಊದುತ್ತದೆ, ಸೊಂಟ ಹಿಡಿಯುತ್ತದೆ. ಕೇರಳದ ಕೋಳಿಕ್ಕೋಡಿನಲ್ಲಿ ಅಂಗಡಿ ಹೆಂಗಸರು ಒಟ್ಟಾಗಿ ಇದನ್ನೇ ಕೇಳಿದರು. ಪಿ. ವಿಜಿ ಎಂಬ ದರ್ಜಿ ಹೆಣ್ಣುಮಗಳು ಮುಂದೆ ನಿಂತರು. ಬಹಳ ವರ್ಷ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಕಾನೂನು ತಿದ್ದಿತು. ಅಂಗಡಿಯವರು ಕೆಲಸಗಾರರಿಗೆ ಕೂರಲು ಅನುಕೂಲ ಮಾಡಲೇಬೇಕಾಯಿತು. 2021ರಲ್ಲಿ ತಮಿಳುನಾಡಿನಲ್ಲೂ ಅಂಥದೇ ಕಾನೂನು ಬಂತು. ಕೇಳಿದ್ದಕ್ಕೇ ಸಿಕ್ಕಿತು, ಅಲ್ಲವೇ?

ಕೊನೆಗೆ ಬಹಳ ಮುಖ್ಯವಾದ ಮಾತು. ಕೆಲಸ ಗೊತ್ತಾದ ಮೇಲೆ "ಇಲ್ಲಿ ಸಹಿ ಹಾಕಮ್ಮ" ಅನ್ನಬಹುದು. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಬರೆದ ಹಾಳೆ ಆದರೆ "ಒಂದ್ಸಲ ಓದಿ ಹಾಕ್ತೀನ್ರಿ" ಅನ್ನಿ. ಅಕ್ಷರ ಕೂಡಿಸಿ ಓದಲು ಹೊತ್ತಾಗಲಿ, ನಾಚಬೇಡಿ. ಮಾತಾಡಿದ ಸಂಬಳವೇ ಅಲ್ಲಿದೆಯೇ, ನೋಡಿ. ಇಂಗ್ಲಿಷಿನಲ್ಲಿದ್ದರೆ ಓದಿ ಹೇಳಿಸಿಕೊಳ್ಳಿ. ಒಂದು ಜೆರಾಕ್ಸ್ ಕೇಳಿ ತನ್ನಿ. ಮುಂದೆ ಸಂಬಳದಲ್ಲಿ ತಕರಾರು ಬಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಕೇಳಬಹುದು. ಆಗ ಆ ಹಾಳೆ ಬೇಕಾಗುತ್ತದೆ.

ಒಂದು ಅಂಗಡಿಯಲ್ಲಿ "ಜಾಗ ಇಲ್ಲ" ಅಂದರೆ ಪಕ್ಕದ ಅಂಗಡಿ ಇದ್ದೇ ಇದೆ. ಇಬ್ಬರು ಮೂವರು ಜೊತೆಯಾಗಿ ಹೋಗಿ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಹೆಸರು ಬರೆಯುತ್ತಿದೆ. ಓದಿ, ಕೇಳಿ, ಆಮೇಲೆ ಬರೆಯಲಿ.